ಎಷ್ಟು ಮಕ್ಕಳು ಅಂತ ಬರೆದಿರಿ, ಎಷ್ಟು ಬ್ಯಾಚು?

ಮಾನ್ಯ ಸಂಪಾದಕರೇ,

ಮುಂಬೈಯ ಕನ್ನಡ ಕಲಿಕಾ ಕೇಂದ್ರಗಳಲ್ಲಿ ಚಿತ್ರದ ಕಾರ್ಡು ತೋರಿಸಿ ಓದು ಕಲಿಸುವ ಕ್ರಮ, ಹಳೆಯ ಅಕ್ಷರಮಾಲೆ ಕ್ರಮವನ್ನು ಸೋಲಿಸಿತು ಎಂಬ ವರದಿ ಕಳೆದ ವಾರ ನಿಮ್ಮಲ್ಲಿ ಬಂತು. ‘240 ಮಕ್ಕಳ ಮೇಲೆ ಪ್ರಯೋಗ’ ಎಂದು ದಪ್ಪ ಅಕ್ಷರದಲ್ಲಿತ್ತು. ನನ್ನ ಮೊಮ್ಮಗಳೂ ಅವರಲ್ಲೊಬ್ಬಳು.

ಮಕ್ಕಳು 240 ನಿಜ. ಆದರೆ ಕ್ರಮವನ್ನು ಹಂಚಿದ್ದು ಮಗುವಿಗಲ್ಲ, ಬ್ಯಾಚಿಗೆ. ಮುಲುಂಡ್, ಘಾಟ್‌ಕೋಪರ್, ವಾಶಿ ಎಲ್ಲ ಸೇರಿ ಎಂಟೇ ಬ್ಯಾಚು, ಬ್ಯಾಚಿಗೊಬ್ಬ ಟೀಚರ್. ಅರ್ಧಕ್ಕೆ ಕಾರ್ಡು, ಅರ್ಧಕ್ಕೆ ಅಕ್ಷರಮಾಲೆ. ಮೊಮ್ಮಗಳ ಬ್ಯಾಚು ಕಾರ್ಡಿನದು. ಅವಳ ಟೀಚರ್ ಕೈಗೆ ಬರೀ ಸೀಮೆಸುಣ್ಣ ಕೊಟ್ಟಿದ್ದರೂ ಮಕ್ಕಳು ಓದುತ್ತಿದ್ದರು! ಒಂದೇ ಪಾತ್ರೆಯ ಮೂವತ್ತು ಅಗುಳು ಹಿಚುಕಿದರೆ ಪಕ್ಕದ ಪಾತ್ರೆಯ ಅನ್ನ ಬೆಂದಿದೆಯೋ ಇಲ್ಲವೋ ತಿಳಿಯುವುದಿಲ್ಲ, ಅಲ್ವಾ?

ಅಂಕಗಳ ಒಟ್ಟು ಏರಿಳಿತದಲ್ಲಿ ಐದನೇ ಒಂದು ಪಾಲು ಬ್ಯಾಚಿನಿಂದಲೇ ಬರುತ್ತದೆ ಅಂದುಕೊಳ್ಳಿ. ಒಂದೇ ಬ್ಯಾಚಿನ ಮಕ್ಕಳು ಒಬ್ಬರನ್ನೊಬ್ಬರು ಹೋಲುವುದರಿಂದ ಮಕ್ಕಳ ಸಂಖ್ಯೆಯ ತೂಕ ಎಷ್ಟು ಪಟ್ಟು ಇಳಿಯುತ್ತದೆ ಎಂಬುದಕ್ಕೆ, 30 ಮಕ್ಕಳ ಬ್ಯಾಚಾದರೆ, ಲೆಕ್ಕ 1 + 29 × 0.2, ಅಂದರೆ 6.8. ಇದರಿಂದ 240ನ್ನು ಭಾಗಿಸಿದರೆ ಉಳಿಯುವುದು ಸುಮಾರು 35 ಮಕ್ಕಳ ತೂಕ.

ಇನ್ನೊಂದು ಗೋಜಲು ಇದೆ. ಎಲ್ಲ ಮಕ್ಕಳೂ ಅದೇ ಮೂರು ಪಾಠ ಓದಿದರು. ಮಗು ಬ್ಯಾಚಿನ ಒಳಗೆ ಕೂತಿದೆ, ಬ್ಯಾಚು ಕೇಂದ್ರದ ಒಳಗೆ. ಪಾಠ ಮಾತ್ರ ಎಲ್ಲರನ್ನೂ ಅಡ್ಡಲಾಗಿ ಹಾಯುತ್ತದೆ. ಮಳೆಯ ಪಾಠ ಇಲ್ಲಿನ ಮಕ್ಕಳಿಗೆ ಸಲೀಸು. ಒಕ್ಕಣೆಯ ಪಾಠ? ಫ್ಲ್ಯಾಟಿನ ಮಗುವಿಗೆ ಕಣ ಅಂದರೇನು ಗೊತ್ತು! ಇದನ್ನೆಲ್ಲ ಬಿಟ್ಟು, 240 ಮಕ್ಕಳ ಮೂರು ಮೂರು ಅಂಕ ಸೇರಿ 720 ಸಾಲುಗಳನ್ನು ಎಕ್ಸೆಲ್‌ಗೆ ಸುರಿದು ಸುಮ್ನೆ ಒಂದು ಟಿ-ಟೆಸ್ಟ್ (ಎರಡು ಗುಂಪುಗಳ ಸರಾಸರಿ ಹೋಲಿಸುವ ಸರಳ ಪರೀಕ್ಷೆ) ಒತ್ತಿದ್ದಾರೆ ಎಂದು ಸಂಘಟಕರೊಬ್ಬರೇ ನನಗೆ ಹೇಳಿದರು.

ಬ್ಯಾಚು, ಮಗು ಎರಡನ್ನೂ ರ್‍ಯಾಂಡಮ್ ಆಗಿ ಹಾಕಿ, ಕ್ರಮ, ಕೇಂದ್ರ, ಪಾಠಗಳನ್ನು ಫಿಕ್ಸೆಡ್ ಆಗಿ ಇಡಬಹುದಿತ್ತು. ರ್‍ಯಾಂಡಮ್ ಅಂದರೆ ಇಂಥ ಅನೇಕ ಬ್ಯಾಚು, ಮಕ್ಕಳ ಪೈಕಿ ಇವು ಕೆಲವು ಎಂದು ಎಣಿಸುವುದು; ಫಿಕ್ಸೆಡ್ ಅಂದರೆ ಇವನ್ನಷ್ಟೇ ನೇರವಾಗಿ ಹೋಲಿಸುವುದು. ಮೂರೇ ಕೇಂದ್ರ, ಮೂರೇ ಪಾಠ ಇರುವಾಗ ಅವನ್ನು ರ್‍ಯಾಂಡಮ್ ಮಾಡಿ ಜಾಸ್ತಿ ಲಾಭವಿಲ್ಲ. ಆಗ ತೀರ್ಮಾನವೂ ಈ ಮೂರು ಪಾಠಕ್ಕಷ್ಟೇ ಸೀಮಿತ. ಅಂಕಿಅಂಶದ ಸಾಫ್ಟ್‌ವೇರ್ ‘ಆರ್’ ಪುಕ್ಕಟೆ ಸಿಗುತ್ತದೆ, ಅದರ ಎಲ್‌ಎಂಇ4 ಪ್ಯಾಕೇಜು ಈ ಕೆಲಸಕ್ಕೆಂದೇ ಇದೆ. ಮುಲುಂಡಿನ ‘ಎ’ ಬ್ಯಾಚಿಗೂ ವಾಶಿಯ ‘ಎ’ ಬ್ಯಾಚಿಗೂ ಬೇರೆ ಬೇರೆ ಹೆಸರು ಕೊಡಬೇಕು ಅಷ್ಟೆ. ಇಲ್ಲದಿದ್ದರೆ ಕಂಪ್ಯೂಟರ್ ಎರಡನ್ನೂ ಒಂದೇ ಎಂದುಕೊಳ್ಳುವ ಅಪಾಯವಿದೆ.

ಇಂಗ್ಲೆಂಡಿನಲ್ಲೂ ಇದೇ ಆಗಿತ್ತು. ಶಿಸ್ತಿನ ಹಳೆಯ ಪಾಠಕ್ರಮವೇ ಮೇಲು ಎಂದು ಶಿಕ್ಷಣ ಸಂಶೋಧಕ ನೆವಿಲ್ ಬೆನೆಟ್ 1976ರಲ್ಲಿ ಬರೆದಾಗ ಪತ್ರಿಕೆಗಳು ದೊಡ್ಡ ಸುದ್ದಿ ಮಾಡಿದವು. 1981ರಲ್ಲಿ ಸ್ಟ್ಯಾಟಿಸ್ಟಿಕ್ಸ್ ತಜ್ಞ ಏಟ್‌ಕಿನ್ ಮತ್ತು ಜೊತೆಗಾರರು ಅದೇ ಅಂಕಿಗಳನ್ನು, ಮಕ್ಕಳು ತರಗತಿಗಳಲ್ಲಿ ಗುಂಪಾಗಿದ್ದಾರೆ ಎಂಬುದನ್ನು ಸೇರಿಸಿ, ಮತ್ತೆ ಲೆಕ್ಕ ಹಾಕಿದರು. ಆ ವ್ಯತ್ಯಾಸ ಗಟ್ಟಿಯಾಗಿ ನಿಲ್ಲಲಿಲ್ಲ.

ಕಾರ್ಡು ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಮುಂದಿನ ಜೂನ್‌ನಿಂದ ಅಕ್ಷರಮಾಲೆ ಪುಸ್ತಕ ನಿಲ್ಲಿಸುತ್ತಾರಂತೆ, ನನ್ನ ತಕರಾರು ಅದಕ್ಕೆ. ನಿಮ್ಮ ವರದಿಗಾರರು ಇನ್ನೊಮ್ಮೆ ಫೋನ್ ಮಾಡಿ ಬ್ಯಾಚುವಾರು ಸರಾಸರಿ ಕೇಳಿ ಅಚ್ಚು ಹಾಕಲಿ. ಎಂಟು ಅಂಕಿ, ಎರಡು ಇಂಚು ಜಾಗ ಸಾಕು.

– ನಿವೃತ್ತ ಸ್ಟ್ಯಾಟಿಸ್ಟಿಕ್ಸ್ ಅಧ್ಯಾಪಕಿ, ಮುಲುಂಡ್, ಮುಂಬೈ