ಬೆಟ್ಟ ಮೊದಲು, ಜೌಗು ಆಮೇಲೆ

ಪ್ರೀತಿಯ ಗೆಳೆಯಾ,

ಸ್ಪೇನ್‌ನ ಮಯ್ಯೋರ್ಕಾ ದ್ವೀಪದಲ್ಲಿ ಸೈಕಲ್ ಹೊಡೀಬೇಕು ಅಂತ ಬರೆದಿದ್ದೀಯಲ್ಲ, ಓದಿ ತುಂಬಾ ಖುಷಿಯಾಯಿತು. ಯಾವ ದಾರಿ ಹಿಡಿಯಲಿ ಅಂತಾನೂ ಕೇಳಿದ್ದೀಯ. ಆ ದ್ವೀಪದಲ್ಲಿ ಒಳ್ಳೆಯ ರಸ್ತೆಗಳಿಗೇನೂ ಬರವಿಲ್ಲ. ಆದರೆ ಒಂದೇ ದಿನ ಸಿಗೋದಾದರೆ ಉತ್ತರದ ಸುತ್ತನ್ನೇ ಮಾಡು. ಪೋರ್ಟ್ ದಾಲ್ಕುದಿಯಾದಿಂದ ಹೊರಟು ಪೊಲ್ಯೆನ್ಸಾ, ಲ್ಯುಕ್, ಸಾ ಕಾಲೋಬ್ರಾ. ಮತ್ತೆ ಲ್ಯುಕ್‌ಗೆ ಬಂದು ಕೈಮಾರಿ, ಕಾಂಪನೆಟ್, ಸಾ ಪೋಬ್ಲಾ. ಕೊನೆಗೆ ಸಾಲ್ಬುಫೇರಾ ಜೌಗು, ಅಲ್ಲಿಂದ ಹೊರಟ ಜಾಗಕ್ಕೆ. ನೂರು ಕಿಲೋಮೀಟರ್ ದಾಟುತ್ತದೆ, ಅರ್ಧ ಬರೀ ಏರು ಇಳಿಜಾರು.

ಈ ಸುತ್ತನ್ನು ಎರಡೂ ಕಡೆಯಿಂದ ಮಾಡಬಹುದು. ನೀನು ಮಾತ್ರ ಬೆಟ್ಟ ಮೊದಲು ಮುಗಿಸಿಕೋ. ಕಾಲಲ್ಲಿ ಕಸುವಿರುವಾಗಲೇ ಏರು ಕಳೆಯುತ್ತದೆ ಅನ್ನೋದು ಒಂದು ಕಾರಣ. ನನಗೆ ಅದಕ್ಕಿಂತ ಮುಖ್ಯ ಅನಿಸುವುದು ನೀರು. ತ್ರಮುಂತಾನಾ ಬೆಟ್ಟಸಾಲಿನ ಮೇಲೆ ಬಿದ್ದ ಮಳೆ ಯಾವ ಕಡೆ ಇಳಿದು ಜೌಗು ಸೇರುತ್ತದೋ, ಹೀಗೆ ಹೋದರೆ ನೀನೂ ಅದೇ ಕಡೆ ಇಳಿಯುತ್ತೀಯ. ತಿರುಗಿಸಿ ಹೋದರೆ ಜೌಗು ಬರೀ ಹುಲ್ಲು, ಕೆಸರು ಅಂತ ಕಾಣಬಹುದು. ಬೆಟ್ಟ ನೋಡಿ ಬಂದವನಿಗೆ ಅದು ಬೆಟ್ಟದ್ದೇ ಮುಂದಿನ ಭಾಗ ಅಂತ ಗೊತ್ತಾಗುತ್ತದೆ.

ಪೊಲ್ಯೆನ್ಸಾ ದಾಟಿದ ಮೇಲೆ ಫೆಮೆನಿಯಾ ಕಣಿವೆದಾರಿಯ ಏರು. ಸುಮಾರು ಏಳೂವರೆ ಕಿಲೋಮೀಟರ್. ಕಡಿದಾಗಿಲ್ಲ, ಮರಗಳ ನೆರಳೂ ಸಿಗುತ್ತದೆ. ಇಲ್ಲಿ ಅವಸರ ಮಾಡಬೇಡ ಕಣೋ, ಕಸುವು ಮುಂದೆ ಬೇಕಾಗುತ್ತದೆ.

ಸಾ ಕಾಲೋಬ್ರಾ ರಸ್ತೆ ಸಮುದ್ರದ ಹತ್ತಿರ ಹೋಗಿ ಮುಗಿದೇ ಹೋಗುತ್ತದೆ. ಇಳಿದವನು ಅದೇ ದಾರೀಲಿ ಹತ್ತಲೇಬೇಕು. ಅದನ್ನು ಬಿಟ್ಟರೂ ಸುತ್ತು ಪೂರ್ತಿಯಾಗುತ್ತದೆ, ಆದರೆ ದಯವಿಟ್ಟು ಬಿಡಬೇಡ. ಆಂಟೋನಿಯೋ ಪರಿಯೆಟ್ಟಿ ಎಂಬ ಎಂಜಿನಿಯರ್ 1930ರ ದಶಕದಲ್ಲಿ ಕಟ್ಟಿಸಿದ ರಸ್ತೆ ಅದು. ಸುರಂಗ ಕೊರೆಯಲಿಲ್ಲ. ಬೆಟ್ಟದ ಮೈ ಹೇಗಿದೆಯೋ ಹಾಗೆಯೇ ತಿರುಗಿಸಿ ತಿರುಗಿಸಿ ಇಳಿಸಿದ. ಒಂದು ಕಡೆ ರಸ್ತೆ ಪೂರಾ ಸುತ್ತು ಹಾಕಿ ತನ್ನದೇ ಅಡಿಯಲ್ಲಿ ನುಸುಳುತ್ತದೆ, ಟೈ ಗಂಟಿನ ಹಾಗೆ. ಜನ ಅದನ್ನು ಕರೆಯುವುದೂ ಟೈ ಗಂಟು ಅಂತಲೇ. ಕೆಳಗಿನಿಂದ ಮೇಲಕ್ಕೆ ಒಂಬತ್ತೂವರೆ ಕಿಲೋಮೀಟರ್, ಸರಾಸರಿ ಶೇಕಡಾ 7ರ ಏರು. ಕಡಲ ಮಟ್ಟದಿಂದ ಶುರುವಾಗಿ 680 ಮೀಟರ್ ಎತ್ತರದ ರೇಯ್ಸ್ ಕಣಿವೆದಾರಿಗೆ ಬಂದು ನಿಲ್ಲುತ್ತೀಯ. ಬಿಸಿಲೇರಿದ ಮೇಲೆ ಬರಿ ಕಲ್ಲಿನ ಕಾವು ಮುಖಕ್ಕೇ ಹೊಡೆಯುತ್ತದೆ, ಪ್ರವಾಸಿ ಬಸ್ಸುಗಳೂ ತಿರುವಿನಲ್ಲಿ ಎದುರಾಗುತ್ತವೆ. ಆದ್ದರಿಂದ ನಸುಕಿಗೇ ಹೊರಡು. ಇಳಿಯುವಾಗ ಬ್ರೇಕನ್ನು ಉದ್ದಕ್ಕೂ ಅದುಮಿಕೊಂಡೇ ಇರಬೇಡ, ಕಾಯುತ್ತದೆ. ತಿರುವಿಗೆ ಮೊದಲು ಗಟ್ಟಿಯಾಗಿ ಹಿಡಿ, ಆಮೇಲೆ ಬಿಟ್ಟುಬಿಡು.

ಹತ್ತುವಾಗ ವೇಗ ಕಡಿಮೆ ಇರುತ್ತಲ್ಲ, ಪಕ್ಕದ ಬಂಡೆಗಳನ್ನು ಸರಿಯಾಗಿ ನೋಡು. ಅದು ಸುಣ್ಣಕಲ್ಲು. ಮಳೆನೀರು ಅದನ್ನು ಕರಗಿಸಿ ಗೀರು ಗೀರಾಗಿ ಕೊರೆದಿದೆ. ಬೆಟ್ಟದ ಈ ಭಾಗದಲ್ಲಿ ವರ್ಷಕ್ಕೆ ಸಾವಿರ ಮಿಲಿಮೀಟರ್ ದಾಟುವ ಮಳೆಯಿದೆ, ದ್ವೀಪದ ದಕ್ಷಿಣಕ್ಕೆ ಅದರ ಅರ್ಧವೂ ಬೀಳುವುದಿಲ್ಲ. ಇಷ್ಟು ಮಳೆ ಬಿದ್ದರೂ ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. ನೀರಿನ ಬಹುಪಾಲು ಕಲ್ಲಿನ ಬಿರುಕುಗಳೊಳಗೆ ಇಳಿದುಹೋಗುತ್ತದೆ.

ಅದು ಮತ್ತೆ ಮೇಲೆ ಬರುವ ಜಾಗ ನಿನ್ನ ದಾರಿಯ ಹತ್ತಿರವೇ ಇದೆ. ಕಾಂಪನೆಟ್ ಪಕ್ಕದ ಓಕ್ ಕಾಡಿನಲ್ಲಿ ಫೋಂಟ್ಸ್ ಉಫಾನೆಸ್ ಅನ್ನೋ ಚಿಲುಮೆಗಳಿವೆ. ಬಹಳ ದಿನ ಅಲ್ಲಿ ಒಣ ನೆಲವಷ್ಟೇ. ಜೋರು ಮಳೆಯಾದ ಮೇಲೆ ಮಾತ್ರ ನೆಲದಿಂದಲೇ ನೀರು ಉಕ್ಕಿ, ಮರಗಳ ನಡುವೆ ಹೊಳೆಯಾಗಿ ಹರಿಯುತ್ತದೆ. 2001ರಲ್ಲಿ ಅದನ್ನು ಸಂರಕ್ಷಿತ ತಾಣ ಅಂತ ಘೋಷಿಸಿದರು. ಅಲ್ಲಿ ಉಕ್ಕಿದ ನೀರು ಸಾನ್ ಮಿಗೆಲ್ ಹಳ್ಳ ಹಿಡಿದು ನೇರ ಸಾಲ್ಬುಫೇರಾಕ್ಕೆ ಹೋಗುತ್ತದೆ. ನೀನು ಹೋಗುವ ಹಿಂದಿನ ದಿನಗಳಲ್ಲಿ ಮಳೆ ಬಂದಿದ್ದರೆ, ಎಷ್ಟೇ ದಣಿದಿದ್ದರೂ ಇಲ್ಲಿ ಸೈಕಲ್ ನಿಲ್ಲಿಸಿ ಒಳಗೆ ನಡೆದು ಬಾ.

ಲ್ಯುಕ್‌ನಿಂದ ಕೈಮಾರಿಗೆ ಇಳಿಯುವಾಗ ಆಲಿವ್ ತೋಟಗಳ ಕಲ್ಲುಕಟ್ಟೆಗಳನ್ನೂ ನೋಡು. ಗಾರೆ ಇಲ್ಲ, ಕಲ್ಲಿನ ಮೇಲೆ ಕಲ್ಲು ಅಷ್ಟೇ. ಮಣ್ಣನ್ನೂ ಮಳೆಯನ್ನೂ ಹಿಡಿದಿಟ್ಟುಕೊಳ್ಳೋಕೆ ನೂರಾರು ವರ್ಷಗಳಿಂದ ಜನ ಕಟ್ಟುತ್ತಾ ಬಂದಿದ್ದು. 2011ರಲ್ಲಿ ಯುನೆಸ್ಕೋ ತ್ರಮುಂತಾನಾವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ್ದು ಈ ದುಡಿಮೆಗಾಗಿಯೇ.

ಸಾ ಪೋಬ್ಲಾದಿಂದ ಮುಂದೆ ನೆಲ ಸಪಾಟು. ಆಲೂಗಡ್ಡೆ ಹೊಲಗಳು, ಹಳೆಯ ಗಾಳಿಯಂತ್ರಗಳು. ಸಮುದ್ರದ ಕಡೆಯಿಂದ ಎದುರುಗಾಳಿ ಬೀಸಿದರೆ ಈ ಸಮತಟ್ಟೇ ಏರಿಗಿಂತ ಜಾಸ್ತಿ ಕಾಡುತ್ತದೆ, ತಲೆ ತಗ್ಗಿಸಿಕೊಂಡು ಹೋಗು.

ಸಾಲ್ಬುಫೇರಾ ಉಳಿದಿದ್ದೇ ದೊಡ್ಡದು. 1860ರ ದಶಕದಲ್ಲಿ ಬ್ರಿಟಿಷ್ ಕಂಪನಿಯೊಂದು ಕಾಲುವೆ ತೋಡಿ ಇದನ್ನು ಒಣಗಿಸಿ ಹೊಲ ಮಾಡಲು ಹೊರಟಿತ್ತು. ಆಗಲಿಲ್ಲ. ನೀನು ಒಳಗೆ ಹೋಗುವ ಸೇತುವೆಗೆ ಇವತ್ತಿಗೂ ಇಂಗ್ಲಿಷರ ಸೇತುವೆ ಅಂತಲೇ ಹೆಸರು. ಆಮೇಲೆ ಕಡಲತೀರದ ಹೋಟೆಲು, ಮನೆಗಳು ಒಂದಷ್ಟು ಜಾಗ ನುಂಗಿದವು. 1988ರಲ್ಲಿ ಸಂರಕ್ಷಣೆ ಸಿಕ್ಕಿತು. ಮಯ್ಯೋರ್ಕಾ ಸೇರಿದ ಬಾಲಿಯಾರಿಕ್ ದ್ವೀಪಗಳ ಮೊದಲ ನೈಸರ್ಗಿಕ ಉದ್ಯಾನ ಇದು. ಇಲ್ಲಿಂದ ಪೂರ್ತಿ ಮರೆಯಾಗಿದ್ದ ನೀಲಿ ಮೈ, ಕೆಂಪು ಕೊಕ್ಕಿನ ಜಂಬುಕೋಳಿಯನ್ನು 1990ರ ದಶಕದ ಶುರುವಿನಲ್ಲಿ ತಂದು ಬಿಟ್ಟರು. ಈಗ ಅದು ಆಪು ಹುಲ್ಲಿನ ಅಂಚಿನಲ್ಲಿ ಧಾರಾಳವಾಗಿ ಓಡಾಡುತ್ತದೆ. ಮೆಟ್ಟುಗಾಲು ಹಕ್ಕಿ, ಕೆನ್ನೀಲಿ ಬಕ ಕೂಡ ಸಿಗುತ್ತವೆ. ಮೇ ತಿಂಗಳಲ್ಲಿ ಹೋದರೆ ಎಲಿಯೊನೋರಾ ಫಾಲ್ಕನ್ ಅನ್ನೋ ಡೇಗೆಯನ್ನು ನೋಡಲೇಬೇಕು. ಮಡಗಾಸ್ಕರ್‌ನಲ್ಲಿ ಚಳಿಗಾಲ ಕಳೆದು ಬರುವ ಹಕ್ಕಿ ಅದು. ಜೌಗಿನ ಮೇಲೆ ಏರೋಪ್ಲೇನ್ ಚಿಟ್ಟೆಗಳನ್ನು ಹಿಡಿದು ಹಾರುತ್ತಲೇ ತಿನ್ನುತ್ತದೆ.

ಸಾ ರೋಕಾ ಸ್ವಾಗತ ಕೇಂದ್ರದವರೆಗೆ ಸೈಕಲ್ ಹೋಗುತ್ತದೆ. ಅಲ್ಲಿ ಉಚಿತ ಪರವಾನಗಿ ತಗೊಂಡು, ಮುಂದೆ ನಡೆದೇ ಹೋಗು. ಸಂಜೆ ಬಾಗಿಲು ಹಾಕುತ್ತಾರೆ, ಅದನ್ನು ಲೆಕ್ಕ ಹಾಕಿಕೊಂಡೇ ಬೆಟ್ಟ ಇಳಿ.

ಇನ್ನೆರಡು ಮಾತು. ಹಿಂದಿನ ಗೇರಿಗೆ 34 ಹಲ್ಲಿನ ಚಕ್ರ ಹಾಕಿಸಿಕೋ, ಹೊಸ ಬ್ರೇಕ್ ಪ್ಯಾಡ್ ಇರಲಿ, ಚಿಕ್ಕ ಬೈನಾಕ್ಯುಲರ್ ಒಂದು ಮರೆಯಬೇಡ. ಟಿಕೆಟ್ ಆದ ಕೂಡಲೇ ತಿಳಿಸು. ಕಾಂಪನೆಟ್ ಹತ್ತಿರ ಚಿಲುಮೆಗಳಿಗೆ ಎಲ್ಲಿ ತಿರುಗಬೇಕು ಅಂತ ನಕ್ಷೆಯಲ್ಲಿ ಗುರುತು ಹಾಕಿ ಕಳಿಸ್ತೀನಿ.

ನಿನ್ನ ಗೆಳೆಯ