ಕಿವಿಯಲ್ಲಿ ಹೇಳಿದ ಮಾತು

ಮೊಳಕಾಲ್ಮೂರು
ಶುಕ್ರವಾರ ರಾತ್ರಿ

ಚಿ. ಮಂಜುವಿಗೆ ದೊಡ್ಡಪ್ಪನ ಆಶೀರ್ವಾದಗಳು.

ಕಾಗದ ಬಂತು. ಮನೆ ಸಾಲ, ನಿಮ್ಮಪ್ಪನ ಮೊಣಕಾಲು, ಅದೆಲ್ಲ ಫೋನಿನಲ್ಲಿ ಆಡಿದ ಮಾತೇ, ಬಿಡು. ಆದರೆ ಕೊನೆಗೆ ಜಾಗ ಇಲ್ಲದ ಕಡೆ ಸಣ್ಣಕ್ಷರದಲ್ಲಿ ಒಂದು ಮಾತು ತುರುಕಿದ್ದೀಯಲ್ಲ, ಅದು ನನ್ನನ್ನ ಎರಡು ರಾತ್ರಿ ಮಲಗಿಸಿಲ್ಲ. "ಕಾಂಚೀವರಂ ಸಿನಿಮಾ ನೋಡಿದೆ ದೊಡ್ಡಪ್ಪ. ನಾಮಕರಣದ ದಿನ ನಾನೂ ಪಾಪು ಕಿವಿಯಲ್ಲಿ ಹೆಸರಿನ ಜೊತೆಗೆ ಇನ್ನೊಂದು ಮಾತು ಹೇಳಿದ್ದೆ. ಈಗ ಹೆದರಿಕೆ ಆಗ್ತಿದೆ." ಏನು ಹೇಳಿದ್ದೆ ಅಂತ ನೀನು ಬರೆದಿಲ್ಲ. ನಾನು ಕೇಳೋದೂ ಇಲ್ಲ.

ಪಕ್ಕದ ಮನೆ ಹುಡುಗನ ಫೋನಿನಲ್ಲಿ ಹಾಕಿಸಿಕೊಂಡು ನಾನೂ ನೋಡಿದೆ. ತಮಿಳು ಅರ್ಧಂಬರ್ಧ ತಿಳಿಯುತ್ತೆ, ಮಗ್ಗದ ಸದ್ದು ಪೂರ್ತಿ ತಿಳಿಯುತ್ತೆ. 1948ರಲ್ಲಿ, ಮಳೆಯಲ್ಲಿ, ಪೊಲೀಸರ ಜೊತೆ ಬಸ್ಸಿನಲ್ಲಿ ಊರಿಗೆ ಹೊರಟ ಕೈದಿ. ಬಸ್ಸು ಮುಂದೆ ಹೋದ ಹಾಗೆಲ್ಲ ಕಥೆ ಹಿಂದೆ ಹೋಗುತ್ತೆ. ಹುಟ್ಟಿದ ಮಗಳ ಕಿವಿಯಲ್ಲಿ, ನಿನ್ನ ಮದುವೆಗೆ ರೇಷ್ಮೆ ಸೀರೆ ಉಡಿಸ್ತೀನಿ ಅಂತ ಆ ವೆಂಗಡ ಹೇಳುವಾಗ ಸುತ್ತ ಕೂತ ನೇಕಾರರ ಮುಖ ನೋಡಿದೆಯಾ? ನಗಬೇಕೋ ಅಳಬೇಕೋ ತಿಳಿಯದ ಮುಖಗಳು. ಜನ್ಮವಿಡೀ ರೇಷ್ಮೆ ನೇಯ್ದ ಕೈ, ಮನೆಯವರ ಮೈಮೇಲೆ ಒಂದು ಗಜ ರೇಷ್ಮೆ ಕಂಡಿಲ್ಲ. ಇದು ಕಂಚಿಯ ಕಥೆ ಮಾತ್ರ ಅಲ್ಲ. ನಿಮ್ಮ ದೊಡ್ಡಮ್ಮ ನನ್ನ ಕೈ ಹಿಡಿದದ್ದು ಯಾವ ಸೀರೆಯಲ್ಲಿ ಅಂತ ಅವಳನ್ನೇ ಕೇಳು.

ವೆಂಗಡನ ಪಾತ್ರ ಮಾಡಿದ ಪ್ರಕಾಶ್ ರೈ ನಮ್ಮ ಬೆಂಗಳೂರಿನವರೇ, ಕಲಾಕ್ಷೇತ್ರದಲ್ಲಿ ಬಣ್ಣ ಹಚ್ಚಿ ಬೆಳೆದವರು. ರಾಷ್ಟ್ರಪ್ರಶಸ್ತಿ ಅವರಿಗೂ ಬಂತು, 2007ರ ಅತ್ಯುತ್ತಮ ಚಿತ್ರ ಅಂತ ಸಿನಿಮಾಕ್ಕೂ ಬಂತು. ಸುಮ್ಮನೆ ಕೊಟ್ಟಿಲ್ಲ. ಮಗಳ ಸೀರೆಗೆ ಅಂತ ಸಾಹುಕಾರನ ರೇಷ್ಮೆ ಎಳೆ ಬಾಯಲ್ಲಿ ಅಡಗಿಸಿಕೊಂಡು ಕಾವಲು ದಾಟುವಾಗ ಆ ಮನುಷ್ಯನ ಗಂಟಲು ನೋಡು, ಉಗುಳು ನುಂಗೋದಕ್ಕೂ ಹೆದರುತ್ತೆ. ಜನರನ್ನ ನಗಿಸೋ ಸಿನಿಮಾ ಮಾಡಿ ಹೆಸರಾದ ಪ್ರಿಯದರ್ಶನ್ ಇಂಥದ್ದನ್ನ ಹೇಗೆ ತೆಗೆದರೋ! ಕಲಾ ನಿರ್ದೇಶಕ ಸಾಬು ಸಿರಿಲ್ ಅವರು ಸಜ್ಜು ಮಾಡಿದ ಬೀದಿಯನ್ನ ತಿರು ಅವರ ಕ್ಯಾಮೆರಾದಲ್ಲಿ ನೋಡುವಾಗ ನನಗೆ ಬಣ್ಣದ ನೀರಿನ ವಾಸನೆ ಬಂದ ಹಾಗಾಯಿತು.

ಆದರೆ ನಿನ್ನ ಹೆದರಿಕೆಯಲ್ಲಿ ಸ್ವಲ್ಪ ಭಾಗ ಆ ಸಿನಿಮಾ ಹೇರಿದ್ದು ಅಂತ ನನಗೆ ಅನ್ನಿಸುತ್ತೆ. ಅದಕ್ಕೇ ಇಷ್ಟು ಉದ್ದ ಬರೀತಿರೋದು. ವೆಂಗಡ ಸೋತ ಅಂದರೆ ಸಾಲದು ಸಿನಿಮಾದವರಿಗೆ. ಹೆಂಡತಿ ಸಾಯಬೇಕು, ಮಗಳು ಬಾವಿಗೆ ಬೀಳಬೇಕು, ಅಪ್ಪನ ಕೈಯಿಂದಲೇ ವಿಷದ ಅನ್ನ, ಕೊನೆಗೆ ಅರ್ಧ ನೇಯ್ದ ಸೀರೆ ಮುಖಕ್ಕೆ ಎಳೆದರೆ ಕಾಲಿಗಿಲ್ಲ, ಕಾಲಿಗೆ ಎಳೆದರೆ ಮುಖಕ್ಕಿಲ್ಲ. ನಾನೂ ಅತ್ತೆ, ಸುಳ್ಳು ಯಾಕೆ ಹೇಳಲಿ. ಆದರೆ ಅತ್ತು ಮುಗಿದ ಮೇಲೆ ಸಿಟ್ಟು ಬಂತು. ಬದುಕು ಬಡವನನ್ನ ಇಷ್ಟು ಲೆಕ್ಕ ಹಾಕಿ ಹೊಡೆಯಲ್ಲ ಮಗಾ. ಮರೆತೂ ಬಿಡುತ್ತೆ ಕೆಲವೊಮ್ಮೆ.

ಇನ್ನೊಂದು ಕೊರತೆ ನೇಯ್ದವನಿಗೆ ಮಾತ್ರ ಕಾಣೋದು. ಬಾಯಲ್ಲಿ ತಂದ ಎಳೆ ಹೊಕ್ಕಿಗೆ, ಅಂದರೆ ಅಡ್ಡ ಎಳೆಗೆ, ಆದೀತು. ಹಾಸು, ಮಗ್ಗಕ್ಕೆ ಉದ್ದಕ್ಕೆ ಹೂಡೋ ಎಳೆ, ಅದು ಎಲ್ಲಿಂದ ಬಂತು? ಒಂದು ಸೀರೆಯ ಹಾಸು ಹೂಡೋಕೆ ಸಾವಿರಾರು ಎಳೆ ಬೇಕು, ಒಂದೊಂದೂ ಸೀರೆಯುದ್ದ, ನಡುವೆ ತುಂಡಾಗಬಾರದು. ಕಂಚಿ ಸೀರೆಯ ಒಡಲು ಒಂದು ಬಣ್ಣ, ಅಂಚು ಇನ್ನೊಂದು. ಕೊರ್ವೈ ಅಂತಾರೆ, ಮೂರು ಲಾಳಿ ಆಡಬೇಕು, ಪಕ್ಕದಲ್ಲಿ ಲಾಳಿ ಕೊಡೋಕೆ ಒಬ್ಬ ಹುಡುಗ ಬೇಕು. ಒಬ್ಬನೇ, ಗುಟ್ಟಾಗಿ, ರಾತ್ರಿ? ಮಗ್ಗದ ಸದ್ದು ಮೂರು ಮನೆ ಆಚೆಗೆ ಕೇಳುತ್ತೆ. ಹಾಗಂತ ಸಿನಿಮಾ ಸುಳ್ಳು ಅನ್ನೋಕೆ ನನಗೆ ಮನಸ್ಸಿಲ್ಲ.

ಸಾಹುಕಾರನ ಪಾತ್ರವೂ ನನಗೆ ಹಿಡಿಸಲಿಲ್ಲ, ಬರೀ ಕೆಟ್ಟವನು. ನಾನು ಕಂಡವರು ಹಾಗೆ ಗದರುತ್ತಿರಲಿಲ್ಲ. ಮದುವೆಗೆ ಬರೋರು, ಎಲೆ ಮುಂದೆ ಕೂತು ಊಟ ಮಾಡೋರು, ಏಳುವಾಗ ಮುಂಗಡ ಅಂತ ಕೈಗೆ ದುಡ್ಡು ಇಡೋರು. ಅಲ್ಲಿಗೆ ನಮ್ಮ ಮಗ್ಗ ಹತ್ತು ವರ್ಷ ಅವರದು.

ಆ ಕಮ್ಯುನಿಸ್ಟ್ ಸಂಘದ ಭಾಗ ತುಂಬಾ ಅವಸರವಾಯಿತು. ಓದಿದವನೊಬ್ಬ ಬಂದ, ಎರಡು ಮಾತಾಡಿದ, ನೇಕಾರರೆಲ್ಲ ಎದ್ದು ನಿಂತರು. ಹಾಗೆ ಆಗಲ್ಲ. ಒಂದೊಂದು ಮನೆ ಬಾಗಿಲಿಗೆ ಹತ್ತು ಸಲ ಹೋಗಬೇಕು. ಆದರೆ ಮುಂದಾಳಾಗಿ ನಿಂತ ವೆಂಗಡನೇ, ಮಗಳ ಮದುವೆ ಹತ್ತಿರ ಬಂತು, ಸೀರೆ ಮುಗಿದಿಲ್ಲ ಅಂತ, ಮುಷ್ಕರ ಬಿಡೋಣ ಅಂತಾನಲ್ಲ? ಅಲ್ಲಿ ಫೋನು ನಿಲ್ಲಿಸು ಅಂದೆ ಆ ಹುಡುಗನಿಗೆ. ಹೊರಗೆ ಹೋಗಿ ಜಗಲಿ ಮೇಲೆ ಕೂತೆ.

ಇದನ್ನ ನಿಮ್ಮಪ್ಪನಿಗೂ ಹೇಳಿಲ್ಲ. ಕೂಲಿ ಹೆಚ್ಚು ಮಾಡಿ ಅಂತ ನಾವು ಮಗ್ಗ ನಿಲ್ಲಿಸಿದ್ದೆವಲ್ಲ, 17 ದಿನ. ಆವಾಗ ನನ್ನ ಮಗಳು, ನಿನ್ನ ಅಕ್ಕ, ಟಿಸಿಎಚ್‌ಗೆ, ಅದೇ ಟೀಚರ್ ಟ್ರೈನಿಂಗಿಗೆ, ಸೇರಬೇಕಿತ್ತು. ನಿನ್ನನ್ನ ಟೀಚರಮ್ಮ ಮಾಡ್ತೀನಿ ಅಂತ ಅವಳಿಗೆ ಮೂರನೇ ಕ್ಲಾಸಿನಲ್ಲೇ ಹೇಳಿದ್ದೆ. ಕಿವಿಯಲ್ಲಿ ಅಲ್ಲ, ಜೋರಾಗಿ, ಎಲ್ಲರ ಮುಂದೆ. 12ನೇ ರಾತ್ರಿ ಹಿಂಬಾಗಿಲಿನಿಂದ ಹೋಗಿ ಸಾಹುಕಾರರ ಹತ್ತಿರ ಮುಂಗಡ ತಂದೆ. ನಾಳಿದ್ದಿನಿಂದ ಮಗ್ಗಕ್ಕೆ ಕೂರ್ತೀನಿ ಅಂತ ಮಾತು ಕೊಟ್ಟೆ. ನಾನು ಕೂತೆ, ನನ್ನ ನೋಡಿ ಮತ್ತಿಬ್ಬರು ಕೂತರು, ಐದು ದಿನಕ್ಕೆ ಎಲ್ಲ ಮುಗಿಯಿತು. ಕೊನೇವರೆಗೂ ಕೂರದ ಒಬ್ಬನಿದ್ದ, ನನ್ನ ಜೋಡಿ ಮಗ್ಗದವನು. ಹೆಂಡತಿ ಮಕ್ಕಳನ್ನ ಕಟ್ಟಿಕೊಂಡು ದೊಡ್ಡಬಳ್ಳಾಪುರಕ್ಕೆ ಹೋದ, ಪವರ್‌ಲೂಮಿನ ಕೂಲಿಗೆ. ಹೋಗುವಾಗ ಬೈದಿದ್ದರೆ ಚೆನ್ನಾಗಿತ್ತು. ನಿಮ್ಮಕ್ಕ ಟೀಚರಾದಳು, ಪೆನ್ಷನ್ನೂ ಬರುತ್ತೆ. ಮಾತು ಉಳಿಯಿತು.

ನೋಡು, ನಿನ್ನ ಹೆದರಿಕೆಗೆ ಉತ್ತರ ಬರೀತೀನಿ ಅಂತ ಕೂತು ನನ್ನದೇ ಹೇಳಿಕೊಂಡೆ. ನೀನು ಹೆದರಿದ್ದು ಮಾತು ತಪ್ಪುತ್ತೆ ಅಂತಲೋ? ಉಳಿಸಿಕೊಳ್ಳೋಕೆ ಹೋಗಿ ಇನ್ನೇನೋ ಮಾಡ್ತೀನಿ ಅಂತಲೋ? ವೆಂಗಡ ಕೂಡಿಟ್ಟ ದುಡ್ಡು ತಂಗಿ ಸಂಸಾರಕ್ಕೆ ಹೋದಾಗ ಹೆಂಡತಿ ಹತ್ತಿರ ಕೂತು, ಹೀಗಾಯ್ತು ಕಣೆ ಅಂದಿದ್ದರೆ ಸಿನಿಮಾ ಅಲ್ಲಿಗೇ ಮುಗೀತಿತ್ತೇನೋ. ನೀನು ಸುಧಾಗೆ ಹೇಳಿದ್ದೀಯಾ? ಹೇಳಿಲ್ಲದಿದ್ದರೆ ಹೇಳಿಬಿಡು. ನನಗೆ ಈ ಬುದ್ಧಿ ಹೇಳೋ ಯೋಗ್ಯತೆ ಇಲ್ಲ ಅಂತ ಗೊತ್ತು. ರಾತ್ರಿ ಪಾಳಿ ಜಾಸ್ತಿ ಹಾಕಿಸಿಕೊಳ್ತಿದ್ದೀಯಂತೆ, ಸಾಧ್ಯವಾದರೆ ಅದನ್ನೂ ಸ್ವಲ್ಪ ಕಡಿಮೆ ಮಾಡು. ಚಿನ್ನದ ಚೀಟಿ ಬೇಡ. ಕಟ್ಟಿದ್ದರೆ ಇರಲಿ.

ನಿಮ್ಮ ದೊಡ್ಡಮ್ಮ ಪಾಪುಗೆ ಹಲ್ಲು ಬಂತಾ ಅಂತ ಕೇಳ್ತಿದ್ದಾಳೆ. ಜೋಳದ ಹಪ್ಪಳ ಕಳಿಸ್ತಾಳಂತೆ.

ಇಂತು ನಿನ್ನ,
ದೊಡ್ಡಪ್ಪ

ಮರೆತಿದ್ದೆ. ಹಾಸು ಎಲ್ಲಿಂದ ಬಂತು ಅಂತ ನಾನು ಊಟಕ್ಕೆ ಕೂತಾಗಲೂ ಗೊಣಗುತ್ತಿದ್ದೆ. ನಿಮ್ಮ ದೊಡ್ಡಮ್ಮ ಸಾರು ಬಡಿಸ್ತಾ ಅಂದಳು: "ಮಗಳಿಗೆ ಅಂತ ಹೊರಟವನಿಗೆ ಹಾಸು ಹೇಗೋ ಹೊಂದುತ್ತೆ ಬಿಡಿ. ಟಿಸಿಎಚ್ ದುಡ್ಡು ಎಲ್ಲಿಂದ ಬಂತು ಅಂತ ನಾನು ನಿಮ್ಮನ್ನ ಕೇಳಿದ್ನಾ?"