ಅಣ್ಣನಿಗೆ, ಎಡಿಸನ್‌ನಿಂದ

ಎಡಿಸನ್, ನ್ಯೂಜೆರ್ಸಿ
23 ನವೆಂಬರ್ 2025

ಪ್ರೀತಿಯ ಅಣ್ಣನಿಗೆ ನಮಸ್ಕಾರಗಳು.

ನಾವೆಲ್ಲ ಇಲ್ಲಿ ಕ್ಷೇಮ. ಅಮ್ಮನ ಮಂಡಿನೋವು ಕಡಿಮೆಯಾಗಿದೆ ಅಂತ ಅತ್ತಿಗೆ ಹೇಳಿದರು, ಸಮಾಧಾನವಾಯಿತು. "ಅಮೆರಿಕದಲ್ಲಿ ವಿಮಾನ ಹಾರಿಸೋಕೂ ಜನ ಇಲ್ವೇನೇ?" ಅಂತ ನೀನು ಫೋನಿನಲ್ಲಿ ನಕ್ಕೆಯಲ್ಲ, ಅವತ್ತು ಮಾತು ಅರ್ಧಕ್ಕೇ ನಿಂತಿತು.

ಹಾರಿಸುವವರು ಇದ್ದಾರೆ ಅಣ್ಣ. ಕೆಳಗೆ ಕೂತು ಅವರಿಗೆ ದಾರಿ ಹೇಳುವ ಕಂಟ್ರೋಲರ್‌ಗಳು ಸಾಲದು, ಸುಮಾರು 3,000 ಜನ ಕಡಿಮೆ. ಖರ್ಚಿನ ಮಸೂದೆಗೆ ಸಂಸತ್ತಿನಲ್ಲಿ ಒಪ್ಪಿಗೆ ಸಿಗದೆ ಅಕ್ಟೋಬರ್ 1ರಿಂದ 43 ದಿನ ಕೇಂದ್ರ ಸರ್ಕಾರ ಬಾಗಿಲು ಹಾಕಿತ್ತಲ್ಲ, ಅಷ್ಟೂ ದಿನ ಇವರು ಸಂಬಳವಿಲ್ಲದೆ ದುಡಿದರು. ಡ್ಯೂಟಿ ಮುಗಿಸಿ ಊಬರ್ ಓಡಿಸಿದವರೂ ಇದ್ದಾರಂತೆ. ರಜೆ ಹಾಕುವವರು ಹೆಚ್ಚಾದಾಗ, 40 ದೊಡ್ಡ ನಿಲ್ದಾಣಗಳಲ್ಲಿ ವಿಮಾನಗಳನ್ನೇ ಕಡಿಮೆ ಮಾಡಿ ಅಂತ ಆದೇಶ ಬಂತು. ನಮ್ಮ ಯಜಮಾನರ ಷಿಕಾಗೋ ಪ್ರಯಾಣ ರದ್ದಾಗಿದ್ದು ಆಗಲೇ.

ಆದರೆ ಎಲ್ಲವನ್ನೂ ಆ 43 ದಿನಗಳ ತಲೆಗೆ ಕಟ್ಟಬೇಡ. ನಮ್ಮ ಮನೆಯಿಂದ ನ್ಯೂವಾರ್ಕ್ ನಿಲ್ದಾಣ ಅರ್ಧ ಗಂಟೆಯ ದಾರಿ. ಅಲ್ಲಿ ಇಳಿಯುವ ವಿಮಾನಗಳನ್ನು ಮೊದಲು ನ್ಯೂಯಾರ್ಕ್ ಕಡೆಯವರು ನೋಡಿಕೊಳ್ಳುತ್ತಿದ್ದರು. ಜನ ಸಾಲದೆಂದು 2024ರ ಜುಲೈನಲ್ಲಿ ಆ ಕೆಲಸವನ್ನು ಫಿಲಡೆಲ್ಫಿಯಾಕ್ಕೆ ಸಾಗಿಸಿದರು. ಈ ವರ್ಷ ಏಪ್ರಿಲ್ 28ರಂದು ಅಲ್ಲಿ ರಾಡಾರೂ ಹೋಯಿತು, ರೇಡಿಯೋನೂ ಹೋಯಿತು. ಒಂದೂವರೆ ನಿಮಿಷ. ಅದೇನು ಮಹಾ ಅನ್ನಬೇಡ. ಪೈಲಟ್ ಕೂಗಿದರೆ ಕೆಳಗಿನಿಂದ ಉತ್ತರವಿಲ್ಲ, ಕೆಳಗಿದ್ದವರಿಗೆ ಯಾವ ವಿಮಾನ ಎಲ್ಲಿದೆಯೋ ಕಾಣದು. ಅವತ್ತು ಡ್ಯೂಟಿಯಲ್ಲಿದ್ದ ಕೆಲವರು ಆಘಾತದಿಂದ ರಜೆ ಹಾಕಿ ಹೋದರು. ಮೊದಲೇ ಜನ ಕಡಿಮೆ, ಇನ್ನೂ ಕಡಿಮೆಯಾದರು.

ಕೆಲವು ಕಡೆ ಇನ್ನೂ ಫ್ಲಾಪಿ ಡಿಸ್ಕ್ ಇದೆ ಅಂದರೆ ನಂಬುತ್ತೀಯಾ? ಉಪಕರಣ ಬದಲಿಸಲು ಈಗ 1,250 ಕೋಟಿ ಡಾಲರ್ ಕೊಟ್ಟಿದ್ದಾರೆ. ಯಂತ್ರ ಬರುತ್ತೆ ಬಿಡು, ಜನ ಎಲ್ಲಿಂದ ಬರಬೇಕು? 1981ರಲ್ಲಿ ಮುಷ್ಕರ ಹೂಡಿದ 11,000ಕ್ಕೂ ಹೆಚ್ಚು ಕಂಟ್ರೋಲರ್‌ಗಳನ್ನು ಆಗಿನ ಅಧ್ಯಕ್ಷ ರೇಗನ್ ಕೆಲಸದಿಂದ ತೆಗೆದು ಮನೆಗೆ ಕಳಿಸಿದರು. ಅವರ ಜಾಗಕ್ಕೆ ಒಟ್ಟಿಗೆ ಬಂದವರು ಒಟ್ಟೊಟ್ಟಿಗೇ ನಿವೃತ್ತರೂ ಆದರು. ಹೊಸಬರು 31 ತುಂಬುವುದರೊಳಗೆ ಅರ್ಜಿ ಹಾಕಬೇಕು, 56ಕ್ಕೆ ಕಡ್ಡಾಯ ನಿವೃತ್ತಿ, ಪಳಗುವುದಕ್ಕೇ ಎರಡು ಮೂರು ವರ್ಷ. ಪೇಪರಿನಲ್ಲಿ ಜಾಹೀರಾತು ಕೊಟ್ಟು ಮುಂದಿನ ಸೋಮವಾರ ಯಾರನ್ನೋ ಕೂರಿಸುವ ಕುರ್ಚಿಯಲ್ಲ ಅದು.

ನನಗೆ ಇದಕ್ಕಿಂತ ಸಿಟ್ಟು ಬರುವುದು ಪುಟ್ಟಿಯ ಶಾಲೆಯ ವಿಷಯಕ್ಕೆ. ಇಲ್ಲಿ ಸರ್ಕಾರಿ ಶಾಲೆ ಬಹುಮಟ್ಟಿಗೆ ನಡೆಯುವುದು ಊರವರ ಮನೆ ತೆರಿಗೆಯಿಂದ. ನಾವು ಕಟ್ಟುವುದೆಷ್ಟು ಅಂತ ಅಮ್ಮನಿಗೆ ಹೇಳಬೇಡ, ಎದೆ ಹಿಡಿದುಕೊಂಡಾಳು. ಕೋವಿಡ್ ಕಾಲದಲ್ಲಿ ಕೇಂದ್ರ ಸರ್ಕಾರ ದೇಶದ ಶಾಲೆಗಳಿಗೆ ಸುಮಾರು 19,000 ಕೋಟಿ ಡಾಲರ್ ಕೊಟ್ಟಿತು. ಆ ದುಡ್ಡಿನಲ್ಲಿ ಎಷ್ಟೋ ಶಾಲೆಗಳು ಜನರನ್ನು ತೆಗೆದುಕೊಂಡವು. 2024ರ ಸೆಪ್ಟೆಂಬರಿಗೆ ಆ ದುಡ್ಡು ಬಳಸುವ ಗಡುವು ಮುಗಿಯಿತು, ಮಕ್ಕಳು ಮಾತ್ರ ಅಷ್ಟೇ ಇದ್ದಾರೆ.

ಪುಟ್ಟಿಯ ಕ್ಲಾಸ್ ಟೀಚರ್ ಅಕ್ಟೋಬರಿನಲ್ಲಿ ಕೆಲಸ ಬಿಟ್ಟರು. ಆಮೇಲೆ ದಿನಗೂಲಿಯ ಬದಲಿ ಟೀಚರ್‌ಗಳು, ವಾರಕ್ಕೊಬ್ಬರು. ಒಬ್ಬರು ಭಿನ್ನರಾಶಿ ಶುರುಮಾಡುತ್ತಾರೆ, ಇನ್ನೊಬ್ಬರು ಬಂದು ಲ್ಯಾಪ್‌ಟಾಪಿನಲ್ಲಿ ವಿಡಿಯೋ ಹಾಕುತ್ತಾರೆ. ಶಾಲೆಯಿಂದ ಪ್ರತಿ ಶುಕ್ರವಾರ ನಯವಾದ ಇಮೇಲ್: ನಿಮ್ಮ ತಾಳ್ಮೆಗೆ ಧನ್ಯವಾದ. ಜೊತೆಗೆ ನಾವು ಕೊಡಬೇಕಾದ ಸಾಮಾನಿನ ಪಟ್ಟಿ, ಪೆನ್ಸಿಲ್, ಅಂಟು, ಮೂಗು ಒರೆಸುವ ಕಾಗದದ ಡಬ್ಬಿ ಕೂಡ. ವಿಮಾನ ತಡವಾದರೆ ಮಂತ್ರಿಗಳು ಟಿವಿಗೆ ಬಂದು ಉತ್ತರ ಕೊಡುತ್ತಾರೆ. ಐದನೇ ಕ್ಲಾಸಿನವರಿಗೆ ಭಿನ್ನರಾಶಿ ತಪ್ಪಿಹೋದರೆ ಯಾರು ಬರುತ್ತಾರೆ?

ಇದೆಲ್ಲ ನಿನಗೆ ಹೊಸದೇನಲ್ಲ, ಅತಿಥಿ ಶಿಕ್ಷಕರನ್ನು ಇಟ್ಟುಕೊಂಡೇ ಶಾಲೆ ನಡೆಸುವವನು ನೀನು. ಗಣಿತಕ್ಕೆ ಕಾಯಂ ಮೇಷ್ಟ್ರು ಬಂದರಾ, ಈ ವರ್ಷವೂ ನೀನೇ ಎರಡೂ ಸೆಕ್ಷನ್ ತೆಗೆದುಕೊಳ್ಳುತ್ತಿದ್ದೀಯಾ?

ಒಂದು ಉಪಕಾರ ಮಾಡು. ಭಾನುವಾರ ನಿಮ್ಮ ಸಂಜೆ 7.30ಕ್ಕೆ, ಇಲ್ಲಿ ಬೆಳಗ್ಗೆ 9 ಆಗಿರುತ್ತೆ, ವಿಡಿಯೋದಲ್ಲಿ ಬಂದು ಅವಳಿಗೆ ಭಿನ್ನರಾಶಿ ಹೇಳಿಕೊಡು. ಅವಳ ಕನ್ನಡ ಅಷ್ಟಕ್ಕಷ್ಟೇ, ಆದರೆ ಬೈದರೆ ಚೆನ್ನಾಗಿ ಅರ್ಥವಾಗುತ್ತೆ.

ಇಂತಿ ನಿನ್ನ ತಂಗಿ